ಉಬುಂಟು 22.04ಕ್ಕೆ ಅಪ್‌ಗ್ರೇಡ್ ಆದ ಮೇಲೆ ತೆರೆಯದೆ ಹೋದ ಫೈರ್‌ಫಾಕ್ಸ್: ಒಂದು ದುರಸ್ತಿಯ ದಾಖಲೆ

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ 20.04 ಆವೃತ್ತಿಯ ಸಾಮಾನ್ಯ ಬೆಂಬಲದ ಅವಧಿ 2025ರ ಮೇ ತಿಂಗಳ ಕೊನೆಗೆ ಮುಗಿಯಿತು. ಹಾಗಾಗಿ ಊರಿನ ಮನೆಯಲ್ಲಿ ದೊಡ್ಡಪ್ಪ ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಜೂನ್ ತಿಂಗಳಲ್ಲಿ 22.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಯಂತ್ರ ಮತ್ತೆ ಶುರುವಾದಾಗ ಲಿಬ್ರೆಆಫೀಸ್ ತೆರೆಯಿತು, ಪ್ರಿಂಟರ್ ಓಡಿತು, ಫೋಟೋಗಳೆಲ್ಲ ಇದ್ದಲ್ಲೇ ಇದ್ದವು. ಫೈರ್‌ಫಾಕ್ಸ್ ಒಂದೇ ತೆರೆಯಲಿಲ್ಲ. ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್ ಒತ್ತಿದರೆ ಮೌಸಿನ ಬಾಣದ ಪಕ್ಕದಲ್ಲಿ ಚಕ್ರವೊಂದು ಸ್ವಲ್ಪ ಹೊತ್ತು ಸುತ್ತಿ ಮಾಯವಾಗುತ್ತಿತ್ತು. ಕಿಟಕಿಯೂ ಇಲ್ಲ, ದೋಷದ ಸಂದೇಶವೂ ಇಲ್ಲ.

ಯಂತ್ರದ ವಿವರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ತೊಡಕುಗಳಲ್ಲಿ ಅರ್ಧ ಅದರಿಂದಲೇ ಬಂದವು. ನಾಲ್ಕನೆಯ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಎರಡು ಹಾರ್ಡ್‌ಡಿಸ್ಕ್. ಮೊದಲನೆಯ ಡಿಸ್ಕಿನಲ್ಲಿ ಉಬುಂಟುವಿಗೆಂದು ಬಿಟ್ಟಿರುವ ಜಾಗ 30 ಜಿಬಿ ಮಾತ್ರ. ಅದು ತುಂಬಿಹೋಗಬಾರದೆಂದು, ಕೆಲವು ವರ್ಷಗಳ ಹಿಂದೆ ಫೈರ್‌ಫಾಕ್ಸಿನ ಪ್ರೊಫೈಲ್ ಇರುವ ಫೋಲ್ಡರನ್ನು ಎರಡನೆಯ ಡಿಸ್ಕಿಗೆ ಸಾಗಿಸಿ, ಹೋಮ್ ಫೋಲ್ಡರಿನಲ್ಲಿ ಅದಕ್ಕೊಂದು ಸಿಂಬಾಲಿಕ್ ಲಿಂಕ್, ಅಂದರೆ ನಿಜವಾದ ಜಾಗವನ್ನು ತೋರಿಸುವ ಕೊಂಡಿ, ಇಟ್ಟಿದ್ದೆ. ಎರಡನೆಯ ಡಿಸ್ಕು ರೂಟಿನ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನ, ಕೆಳಗೇ ‘ಡೇಟಾ’ ಎಂಬ ಹೆಸರಿನಲ್ಲಿ ಮೌಂಟ್ ಆಗುತ್ತದೆ (ಜೋಡಿಕೊಳ್ಳುತ್ತದೆ).

ಆ ಪ್ರೊಫೈಲ್ ಎಷ್ಟು ಮುಖ್ಯ ಎಂಬುದನ್ನೂ ಹೇಳಬೇಕು. ಪಹಣಿ ನೋಡುವ ಭೂಮಿ ತಾಣ, ಅಡಿಕೆ ಧಾರಣೆಯ ಪುಟ, ಕರೆಂಟ್ ಬಿಲ್ಲು, ಪಿಂಚಣಿ, ಇವೆಲ್ಲಕ್ಕೂ ದೊಡ್ಡಪ್ಪನ ಬುಕ್‌ಮಾರ್ಕುಗಳು ಅದರಲ್ಲಿವೆ, ಪಾಸ್‌ವರ್ಡುಗಳು ಅದರಲ್ಲಿ ಮಾತ್ರ ಇವೆ. ಬ್ರೌಸರನ್ನು ಎಷ್ಟು ಸಲ ಬೇಕಾದರೂ ತೆಗೆದು ಹಾಕಬಹುದು. ಪ್ರೊಫೈಲ್ ಹೋದರೆ ಮರಳಿ ತರುವ ದಾರಿಯಿಲ್ಲ. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲು ಮಾಡಿದ ಕೆಲಸ ಅದರ ನಕಲು.

ಹಂತ 1: ಪ್ರೊಫೈಲಿನ ನಕಲು

ಮನೆಯಲ್ಲಿದ್ದ 32 ಜಿಬಿ ಪೆನ್‌ಡ್ರೈವ್ ಹಾಕಿ, ಪ್ರೊಫೈಲ್ ಫೋಲ್ಡರನ್ನು ಫೈಲ್ ಮ್ಯಾನೇಜರಿನಲ್ಲೇ ಎಳೆದು ಬಿಟ್ಟೆ. ನಡುವೆ ‘ಲಾಕ್’ ಎಂಬ ಫೈಲಿನ ಬಳಿ ನಕಲು ನಿಂತಿತು. ಲಿನಕ್ಸಿನಲ್ಲಿ ಫೈರ್‌ಫಾಕ್ಸ್ ತೆರೆದಿರುವಾಗ ಪ್ರೊಫೈಲಿನೊಳಗೆ ‘ಲಾಕ್’ ಹೆಸರಿನ ಸಿಂಬಾಲಿಕ್ ಲಿಂಕೊಂದನ್ನು ಇಡುತ್ತದೆ. ಸರಿಯಾಗಿ ಮುಚ್ಚದೆ ಹೋದಾಗ ಅದು ಅಲ್ಲೇ ಉಳಿದುಬಿಡುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು, ಮತ್ತು ಫ್ಯಾಟ್32ರಲ್ಲಿ ಸಿಂಬಾಲಿಕ್ ಲಿಂಕಿಗೆ ಅವಕಾಶವಿಲ್ಲ. ಫೋಲ್ಡರನ್ನು ಮೊದಲು ಟಾರ್ ಫೈಲಾಗಿ ಕಟ್ಟಿ, ಆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿದಾಗ ಕೆಲಸ ಮುಗಿಯಿತು. ಗಾತ್ರ ಸುಮಾರು 400 ಎಂಬಿ.

ನಕಲು ತೆಗೆಯುವಾಗ ಬ್ರೌಸರ್ ಪೂರ್ತಿ ಮುಚ್ಚಿರಬೇಕು ಎಂಬುದನ್ನು ಇಲ್ಲಿಯೇ ಬರೆದಿಡುತ್ತೇನೆ. ಬುಕ್‌ಮಾರ್ಕು ಮತ್ತು ಇತಿಹಾಸ ಇರುವುದು ‘ಪ್ಲೇಸಸ್.ಎಸ್‌ಕ್ಯುಲೈಟ್’ ಎಂಬ ಫೈಲಿನಲ್ಲಿ. ಬ್ರೌಸರ್ ಓಡುತ್ತಿರುವಾಗ ಹೊಸ ಬದಲಾವಣೆಗಳು ಮೊದಲು ಅದರ ಪಕ್ಕದ, ‘ವಾಲ್’ ಎಂದು ಕೊನೆಯಾಗುವ ಇನ್ನೊಂದು ಫೈಲಿಗೆ ಹೋಗಿರುತ್ತವೆ. ಆಗ ಮುಖ್ಯ ಫೈಲನ್ನು ಮಾತ್ರ ನಕಲು ಮಾಡಿದರೆ ಇತ್ತೀಚಿನ ಬುಕ್‌ಮಾರ್ಕುಗಳು ಅದರಲ್ಲಿ ಇಲ್ಲದೆ ಹೋಗಬಹುದು.

ಹಂತ 2: ಟರ್ಮಿನಲ್ ಹೇಳಿದ ಮಾತು

ಐಕಾನ್ ಒತ್ತಿದಾಗ ಏನೂ ಹೇಳದೆ ಸುಮ್ಮನಾಗುವ ಪ್ರೋಗ್ರಾಮು, ಟರ್ಮಿನಲ್ಲಿನಿಂದ ಓಡಿಸಿದರೆ ಸಾಮಾನ್ಯವಾಗಿ ಕಾರಣವನ್ನು ಹೇಳುತ್ತದೆ. ಟರ್ಮಿನಲ್ ತೆರೆದು ‘ಫೈರ್‌ಫಾಕ್ಸ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಬಂದ ಉತ್ತರದ ತಾತ್ಪರ್ಯ ಇಷ್ಟು: ಈ ಆಜ್ಞೆಗೆ ಫೈರ್‌ಫಾಕ್ಸ್ ಸ್ನ್ಯಾಪ್ ಇನ್‌ಸ್ಟಾಲ್ ಆಗಿರಬೇಕು, ‘ಸ್ನ್ಯಾಪ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದು ಹಾಕಿಕೊಳ್ಳಿ.

ಇದರ ಅರ್ಥ ತಿಳಿಯಲು ಹಿನ್ನೆಲೆ ಸ್ವಲ್ಪ ಬೇಕು. 20.04ರಲ್ಲಿ ಫೈರ್‌ಫಾಕ್ಸ್ ಬರುತ್ತಿದ್ದುದು ಉಬುಂಟುವಿನ ಸಾಂಪ್ರದಾಯಿಕ ಡೆಬ್ ಪ್ಯಾಕೇಜಿನ ರೂಪದಲ್ಲಿ. 22.04ರಲ್ಲಿ ಅದು ಸ್ನ್ಯಾಪ್ ರೂಪಕ್ಕೆ, ಅಂದರೆ ಉಳಿದ ಸಿಸ್ಟಮಿನಿಂದ ಪ್ರತ್ಯೇಕವಾಗಿ ಓಡುವ ಪ್ಯಾಕೇಜಿನ ರೂಪಕ್ಕೆ, ಬದಲಾಗಿದೆ. ‘ಫೈರ್‌ಫಾಕ್ಸ್’ ಎಂಬ ಡೆಬ್ ಹೆಸರು ಈಗಲೂ ಇದೆ, ಆದರೆ ಅದರೊಳಗೆ ಬ್ರೌಸರ್ ಇಲ್ಲ. ಸ್ನ್ಯಾಪ್ ಇದ್ದರೆ ಅದನ್ನು ಕರೆಯುವ, ಇಲ್ಲದಿದ್ದರೆ ಮೇಲಿನ ಸಂದೇಶವನ್ನು ಕೊಡುವ ಪುಟ್ಟ ಸ್ಕ್ರಿಪ್ಟು ಮಾತ್ರ ಇದೆ. ನಮ್ಮ ಯಂತ್ರದಲ್ಲಿ ಹಳೆಯ ಡೆಬ್ ಹೋಗಿತ್ತು, ಸ್ನ್ಯಾಪ್ ಬಂದಿರಲಿಲ್ಲ, ಸ್ಕ್ರಿಪ್ಟು ಉಳಿದಿತ್ತು.

ಸ್ನ್ಯಾಪ್ ಏಕೆ ಬರಲಿಲ್ಲ ಎಂದು ನೋಡಲು ‘ಸ್ನ್ಯಾಪ್ ಚೇಂಜಸ್’ ಕೊಟ್ಟೆ. ಸಾಲಾಗಿ ‘ಡನ್’ ಎಂದಿದ್ದವುಗಳ ನಡುವೆ ಫೈರ್‌ಫಾಕ್ಸಿನ ಸಾಲಿನಲ್ಲಿ ‘ಎರರ್’ ಎಂದಿತ್ತು. ಅಪ್‌ಗ್ರೇಡಿನ ದಾಖಲೆಗಳು ‘ವಾರ್’ ಫೋಲ್ಡರಿನ ‘ಲಾಗ್’ ಒಳಗೆ ‘ಡಿಸ್ಟ್-ಅಪ್‌ಗ್ರೇಡ್’ ಎಂಬ ಕಡೆ ಇರುತ್ತವೆ, ಅಲ್ಲಿನ ‘ಮೇನ್.ಲಾಗ್’ ಫೈಲಿನಲ್ಲೂ ಅದೇ ಹೊತ್ತಿಗೆ ಫೈರ್‌ಫಾಕ್ಸ್ ಸ್ನ್ಯಾಪ್ ಹಾಕಲು ಆಗಲಿಲ್ಲ ಎಂಬ ಸಾಲು ಸಿಕ್ಕಿತು. ಅಪ್‌ಗ್ರೇಡ್ ನಡೆಯುತ್ತಿದ್ದಾಗ ಮಳೆಗೆ ಮನೆಯ ಇಂಟರ್‌ನೆಟ್ ಹೋಗಿ ಬಂದಿತ್ತು, ಮತ್ತು ಹೋದದ್ದು ಸರಿಯಾಗಿ ಈ ಹೊತ್ತಿನಲ್ಲೇ. ಉಳಿದ ಪ್ಯಾಕೇಜುಗಳೆಲ್ಲ ಮೊದಲೇ ಇಳಿದಿದ್ದರಿಂದ ಅಪ್‌ಗ್ರೇಡ್ ನಿಲ್ಲದೆ ಮುಂದುವರಿದು, ಯಶಸ್ವಿ ಎಂದೇ ಮುಗಿದಿತ್ತು. ದೋಷ ಎದ್ದು ಕಾಣದೆ ಇದ್ದುದು ಇದರಿಂದ.

ಹಂತ 3: ಸ್ನ್ಯಾಪ್ ಹಾಕಿದ್ದು

‘ಸ್ನ್ಯಾಪ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದು ಕೊಟ್ಟರೆ ಮುಗಿಯಬೇಕು. ಆದರೆ ಫೈರ್‌ಫಾಕ್ಸ್ ಸ್ನ್ಯಾಪಿನ ಗಾತ್ರವೇ ಸುಮಾರು 250 ಎಂಬಿ. ಅದರ ಜೊತೆಗೆ ‘ಕೋರ್’ ಹೆಸರಿನ ಬೇಸ್ ಪ್ಯಾಕೇಜು, ಇನ್ನೂ ದೊಡ್ಡದಾದ ‘ಗ್ನೋಮ್’ ಹೆಸರಿನ ಪ್ಯಾಕೇಜು ಬೇರೆ ಬೇಕು. ಊರಿನ ಸಂಪರ್ಕದಲ್ಲಿ ಅದು ಕಾಲು ಭಾಗವೂ ದಾಟದೆ ನಿಲ್ಲುತ್ತಿತ್ತು.

ಪೇಟೆಗೆ ಹೋದಾಗ ನನ್ನ ಲ್ಯಾಪ್‌ಟಾಪಿನಲ್ಲಿ ‘ಸ್ನ್ಯಾಪ್ ಡೌನ್‌ಲೋಡ್ ಫೈರ್‌ಫಾಕ್ಸ್’ ಕೊಟ್ಟು ಫೈಲನ್ನು ಇಳಿಸಿಕೊಂಡೆ. ಹಾಗೆ ಇಳಿಸಿದಾಗ ಎರಡು ಫೈಲು ಸಿಗುತ್ತವೆ: ಒಂದು ಸ್ನ್ಯಾಪ್, ಇನ್ನೊಂದು ಅದರ ಸಹಿಯಿರುವ ‘ಅಸರ್ಟ್’ ಫೈಲು. ಹಾಕಬೇಕಾದ ಯಂತ್ರದಲ್ಲಿ ಮೊದಲು ‘ಸ್ನ್ಯಾಪ್ ಆಕ್’ ಎಂಬ ಆಜ್ಞೆಯಿಂದ ಅಸರ್ಟ್ ಫೈಲನ್ನು ಒಪ್ಪಿಸಿ, ಆಮೇಲೆ ಸ್ನ್ಯಾಪನ್ನು ಇನ್‌ಸ್ಟಾಲ್ ಮಾಡಬೇಕು. ಈ ಕ್ರಮ ಬಿಟ್ಟರೆ ಸಹಿಯ ದಾಖಲೆ ಸಿಗಲಿಲ್ಲವೆಂದು ಅದು ನಿರಾಕರಿಸುತ್ತದೆ.

ಊರಿಗೆ ತಂದು ಹಾಕಿದಾಗ ಮೊದಲ ಪ್ರಯತ್ನ ಫಲಿಸಲಿಲ್ಲ. ಡೌನ್‌ಲೋಡ್ ಆಜ್ಞೆ ಹೆಸರಿಸಿದ ಸ್ನ್ಯಾಪ್ ಒಂದನ್ನೇ ಇಳಿಸುತ್ತದೆ, ಅದು ಅವಲಂಬಿಸಿರುವ ಬೇಸ್ ಮತ್ತು ಗ್ನೋಮ್ ಪ್ಯಾಕೇಜುಗಳನ್ನು ಇಳಿಸುವುದಿಲ್ಲ. ಇನ್‌ಸ್ಟಾಲ್ ಮಾಡಹೋದರೆ ಅವುಗಳನ್ನು ಮತ್ತೆ ಅದೇ ನಿಧಾನದ ಸಂಪರ್ಕದಲ್ಲಿ ಇಳಿಸಲು ಹೊರಟಿತು. ಯಾವ ಯಾವ ಪ್ಯಾಕೇಜು ಬೇಕು ಎಂಬುದನ್ನು ಪರದೆಯ ಮೇಲೆ ನೋಡಿ ಬರೆದುಕೊಂಡು, ಅವನ್ನೂ ಲ್ಯಾಪ್‌ಟಾಪಿಗೆ ಬೇರೆಯಾಗಿ ಇಳಿಸಿ ತರಬೇಕಾಯಿತು. ಈ ದಾರಿ ಹಿಡಿಯುವವರು ಬೇಸ್, ಗ್ನೋಮ್, ಫೈರ್‌ಫಾಕ್ಸ್ ಈ ಕ್ರಮದಲ್ಲಿ ಹಾಕುವುದು ಒಳ್ಳೆಯದು. ಸ್ನ್ಯಾಪಿನೊಳಗೆ ಬೇಸ್ ಯಾವುದೆಂದು ಕಾಲಕಾಲಕ್ಕೆ ಬದಲಾಗುವುದರಿಂದ, ಯಾರೋ ಹಿಂದೆ ಬರೆದಿಟ್ಟ ಪಟ್ಟಿಯನ್ನು ನಂಬದೆ ಆ ಹೊತ್ತಿಗೆ ಪರದೆ ಏನು ಕೇಳುತ್ತದೆಂದು ನೋಡಿಕೊಳ್ಳಬೇಕು.

ಈ ಸಲ ಫೈರ್‌ಫಾಕ್ಸ್ ತೆರೆಯಿತು. ಹಾರ್ಡ್‌ಡಿಸ್ಕ್ ಆದ್ದರಿಂದ ಮೊದಲ ಸಲ ಕಿಟಕಿ ಕಾಣಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆದರೆ ತೆರೆದದ್ದು ಹೊಸ ಬಳಕೆದಾರರಿಗೆ ತೋರಿಸುವ ಸ್ವಾಗತದ ಪುಟ. ಬುಕ್‌ಮಾರ್ಕ್ ಪಟ್ಟಿ ಖಾಲಿ.

“ನನ್ನ ಹಾಳೆ ಎಲ್ಲಾ ಹೋಯ್ತನಾ?” ಎಂದು ದೊಡ್ಡಪ್ಪ ಕೇಳಿದರು. ಟಾರ್ ಫೈಲು ಪೆನ್‌ಡ್ರೈವಿನಲ್ಲಿ ಇದ್ದುದರಿಂದ, ಇಲ್ಲ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು.

ಹಂತ 4: ಖಾಲಿ ಪ್ರೊಫೈಲಿನ ಕಾರಣ

ಇಲ್ಲಿ ಹೆಚ್ಚು ಹೊತ್ತು ಹಿಡಿಯಿತು, ಮತ್ತು ಹೆಚ್ಚಿನವರು ಸಿಕ್ಕಿಬೀಳುವುದೂ ಇಲ್ಲಿಯೇ ಎಂದು ನನ್ನ ಅನಿಸಿಕೆ. ವಿವರವಾಗಿ ಬರೆಯುತ್ತೇನೆ.

ಡೆಬ್ ರೂಪದ ಫೈರ್‌ಫಾಕ್ಸ್ ಪ್ರೊಫೈಲನ್ನು ಹೋಮ್ ಫೋಲ್ಡರಿನಲ್ಲಿ ಅಡಗಿರುವ ‘ಡಾಟ್ ಮೊಜಿಲ್ಲಾ’ ಫೋಲ್ಡರಿನಲ್ಲಿ ಇಡುತ್ತದೆ. ಸ್ನ್ಯಾಪ್ ರೂಪದ್ದು ಹಾಗಲ್ಲ. ಹೋಮ್ ಫೋಲ್ಡರಿನ ‘ಸ್ನ್ಯಾಪ್’, ಅದರೊಳಗೆ ‘ಫೈರ್‌ಫಾಕ್ಸ್’, ಅದರೊಳಗೆ ‘ಕಾಮನ್’, ಅಲ್ಲಿನ ‘ಡಾಟ್ ಮೊಜಿಲ್ಲಾ’, ಹೀಗೆ ಒಳಗೊಳಗೆ ಹೋಗಿ ಇಡುತ್ತದೆ. ಮೊದಲ ಸಲ ತೆರೆದಾಗ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಪ್ರೊಫೈಲನ್ನು ತಾನೇ ನಕಲು ಮಾಡಿಕೊಳ್ಳುವ ಏರ್ಪಾಡೂ ಅದರಲ್ಲಿದೆ. ಸಾಮಾನ್ಯ ಯಂತ್ರಗಳಲ್ಲಿ ಅಪ್‌ಗ್ರೇಡ್ ಆದ ಮೇಲೂ ಬುಕ್‌ಮಾರ್ಕುಗಳು ಇದ್ದ ಹಾಗೆ ಕಾಣುವುದು ಇದರಿಂದಲೇ.

ನಮ್ಮಲ್ಲಿ ಹಾಗೇಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಸಿಸ್ಟಮ್ ಜರ್ನಲ್ಲಿನಲ್ಲಿ ಸಿಕ್ಕಿತು. ‘ಜರ್ನಲ್‌ಸಿಟಿಎಲ್’ ಓಡಿಸಿ, ‘ಡಿನೈಡ್’ ಎಂಬ ಪದವಿರುವ ಸಾಲುಗಳನ್ನು ಮಾತ್ರ ಹುಡುಕಿದೆ. ಫೈರ್‌ಫಾಕ್ಸ್ ತೆರೆದ ಕ್ಷಣದಲ್ಲಿ ಅಂಥ ಸಾಲುಗಳು ಗುಂಪಾಗಿ ಇದ್ದವು. ಪ್ರತಿ ಸಾಲಿನಲ್ಲಿ ಆಪ್‌ಆರ್ಮರ್ ಹೆಸರು, ನಿರಾಕರಣೆ, ‘ಸ್ನ್ಯಾಪ್.ಫೈರ್‌ಫಾಕ್ಸ್.ಫೈರ್‌ಫಾಕ್ಸ್’ ಎಂಬ ಗುರುತು, ಕೊನೆಗೆ ನಿರಾಕರಿಸಿದ ಫೈಲಿನ ದಾರಿ. ಆ ದಾರಿ ಹೋಮ್ ಫೋಲ್ಡರಿನದಾಗಿರಲಿಲ್ಲ, ಎರಡನೆಯ ಡಿಸ್ಕಿನದಾಗಿತ್ತು.

ಸ್ನ್ಯಾಪ್ ಪ್ರೋಗ್ರಾಮು ಯಾವ ಫೋಲ್ಡರುಗಳನ್ನು ಮುಟ್ಟಬಹುದು ಎಂಬುದನ್ನು ಆಪ್‌ಆರ್ಮರ್ ನಿಯಂತ್ರಿಸುತ್ತದೆ. ಹಳೆಯ ಪ್ರೊಫೈಲನ್ನು ಓದಲು ಫೈರ್‌ಫಾಕ್ಸ್ ಸ್ನ್ಯಾಪಿಗೆ ವಿಶೇಷ ಅನುಮತಿ ಇದೆ, ಆದರೆ ಆ ಅನುಮತಿ ಹೋಮ್ ಫೋಲ್ಡರಿನೊಳಗಿನ ದಾರಿಗೆ ಮಾತ್ರ. ಆಪ್‌ಆರ್ಮರ್ ನೋಡುವುದು ಲಿಂಕಿನ ಹೆಸರನ್ನಲ್ಲ, ಲಿಂಕ್ ಕೊನೆಗೆ ಮುಟ್ಟುವ ನಿಜವಾದ ಜಾಗವನ್ನು. ನಾನು ಇಟ್ಟಿದ್ದ ಲಿಂಕು ‘ಡೇಟಾ’ ಡಿಸ್ಕಿಗೆ ಹೋಗುತ್ತಿದ್ದುದರಿಂದ ಓದಲು ಬಿಡಲಿಲ್ಲ. ಓದಲಾಗದ ಮೇಲೆ ಫೈರ್‌ಫಾಕ್ಸ್ ಹೊಸ ಖಾಲಿ ಪ್ರೊಫೈಲನ್ನು ಮಾಡಿಕೊಂಡಿತು. ಹಳೆಯ ಫೈಲುಗಳಿಗೆ ಯಾವ ಹಾನಿಯೂ ಆಗಿರಲಿಲ್ಲ.

ಕೈಯಿಂದಲೇ ಸಾಗಿಸಲು ಫೈರ್‌ಫಾಕ್ಸನ್ನು ಮುಚ್ಚಿ, ಹಳೆಯ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ, ‘ಪ್ರೊಫೈಲ್ಸ್.ಐಎನ್‌ಐ’ ಫೈಲನ್ನೂ ಸೇರಿಸಿ, ಸ್ನ್ಯಾಪಿನ ಜಾಗಕ್ಕೆ ನಕಲು ಮಾಡಿದೆ. ತೆರೆದಾಗ, ನಿಮ್ಮ ಪ್ರೊಫೈಲನ್ನು ಲೋಡ್ ಮಾಡಲಾಗಲಿಲ್ಲ, ಅದು ಕಾಣೆಯಾಗಿರಬಹುದು ಅಥವಾ ತಲುಪಲಾಗದೆ ಇರಬಹುದು ಎಂಬ ಸಂದೇಶ ಬಂದು ನಿಂತಿತು. ‘ಪ್ರೊಫೈಲ್ಸ್.ಐಎನ್‌ಐ’ ಸಾಮಾನ್ಯ ಪಠ್ಯದ ಫೈಲು, ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಬಹುದು. ಅದರಲ್ಲಿ ಪ್ರತಿ ಪ್ರೊಫೈಲಿಗೂ ‘ಈಸ್‌ರಿಲೇಟಿವ್’ ಎಂಬ ಸಾಲಿದೆ; ಅಲ್ಲಿ 1 ಇದ್ದರೆ, ಕೆಳಗಿನ ‘ಪಾತ್’ ಸಾಲನ್ನು ಆ ಫೈಲಿರುವ ಫೋಲ್ಡರಿನಿಂದ ಲೆಕ್ಕ ಹಾಕಬೇಕು, 0 ಇದ್ದರೆ ಅದು ಪೂರ್ಣ ದಾರಿ. ನಮ್ಮದರಲ್ಲಿ 0 ಇತ್ತು, ‘ಪಾತ್’ ಸಾಲಿನಲ್ಲಿ ‘ಡೇಟಾ’ ಡಿಸ್ಕಿನ ಪೂರ್ಣ ದಾರಿ ಇತ್ತು. ಅಂದರೆ ಫೋಲ್ಡರು ಪಕ್ಕದಲ್ಲೇ ಇದ್ದರೂ ಅದು ಮತ್ತೆ ತಡೆಯಿರುವ ಜಾಗವನ್ನೇ ಹುಡುಕಿಕೊಂಡು ಹೋಗುತ್ತಿತ್ತು. 0 ಅನ್ನು 1 ಮಾಡಿ, ‘ಪಾತ್’ ಸಾಲಿನಲ್ಲಿ ಫೋಲ್ಡರಿನ ಹೆಸರನ್ನಷ್ಟೇ ಉಳಿಸಿ, ಸೇವ್ ಮಾಡಿದೆ. ಆಮೇಲೆ ವಿಳಾಸಪಟ್ಟಿಯಲ್ಲಿ ‘ಅಬೌಟ್:ಪ್ರೊಫೈಲ್ಸ್’ ಎಂದು ಕೊಟ್ಟು, ಹಳೆಯ ಪ್ರೊಫೈಲನ್ನು ಡೀಫಾಲ್ಟ್ ಎಂದು ಗುರುತು ಮಾಡಿ, ಮತ್ತೆ ತೆರೆದಾಗ ಬುಕ್‌ಮಾರ್ಕುಗಳ ಸಾಲು ಮೊದಲಿನಂತೆಯೇ ಬಂತು. ಪಾಸ್‌ವರ್ಡುಗಳೂ ಬಂದವು.

ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಇಡೀ ಪ್ರೊಫೈಲಿನ ಬದಲು ಬೇಕಾದ ಫೈಲುಗಳನ್ನು ಮಾತ್ರ ಸಾಗಿಸುವವರು ‘ಲಾಗಿನ್ಸ್.ಜೆಸನ್’ ಒಂದನ್ನೇ ಒಯ್ದರೆ ಪಾಸ್‌ವರ್ಡು ಕಾಣುವುದಿಲ್ಲ. ಅದನ್ನು ಬಿಡಿಸುವ ಗುಟ್ಟು ‘ಕೀ4.ಡಿಬಿ’ ಎಂಬ ಇನ್ನೊಂದು ಫೈಲಿನಲ್ಲಿದೆ. ಬೀಗವನ್ನು ಒಯ್ದು ಬೀಗದ ಕೈಯನ್ನು ಬಿಟ್ಟು ಬಂದ ಹಾಗೆ ಆಗುತ್ತದೆ. ಎರಡನ್ನೂ ಒಟ್ಟಿಗೇ ಸಾಗಿಸಬೇಕು.

ಹಂತ 5: ಅಕ್ಷರದ ಜಾಗದಲ್ಲಿ ಚೌಕ

ಪುಟಗಳು ತೆರೆದವು, ಆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡವು. ಫಾಂಟುಗಳು ಯಂತ್ರದಲ್ಲಿ ಇದ್ದವು. ಗುಬ್ಬಿ, ನವಿಲು, ಲೋಹಿತ್ ಮೂರೂ ಲಿಬ್ರೆಆಫೀಸಿನ ಪಟ್ಟಿಯಲ್ಲಿ ಕಾಣುತ್ತಿದ್ದವು. ಹಾಗಾದರೆ ದೋಷ ಫಾಂಟಿನಲ್ಲಲ್ಲ, ಸ್ನ್ಯಾಪ್ ತನಗಾಗಿ ಕಟ್ಟಿಕೊಂಡ ಫಾಂಟ್ ಕ್ಯಾಶಿನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇರಬೇಕೆಂದು ಊಹಿಸಿ, ಸ್ನ್ಯಾಪಿನ ‘ಕಾಮನ್’ ಫೋಲ್ಡರಿನೊಳಗೆ ಅಡಗಿರುವ ‘ಡಾಟ್ ಕ್ಯಾಶ್’ನಲ್ಲಿ ‘ಫಾಂಟ್‌ಕಾನ್ಫಿಗ್’ ಎಂಬ ಫೋಲ್ಡರನ್ನು ಅಳಿಸಿ ಮತ್ತೆ ತೆರೆದೆ. ಕ್ಯಾಶ್ ಹೊಸದಾಗಿ ಕಟ್ಟಿಕೊಂಡ ಮೇಲೆ ಅಕ್ಷರಗಳು ಸರಿಯಾದವು, ಒತ್ತಕ್ಷರಗಳೂ ಸರಿಯಾದ ಜಾಗದಲ್ಲಿ ಕೂತವು. ಈ ಫೋಲ್ಡರನ್ನು ಅಳಿಸುವುದರಿಂದ ಏನೂ ನಷ್ಟವಿಲ್ಲ. ಕನ್ನಡ ಟೈಪಿಂಗ್ ಐಬಸ್ ಎಂಬ ಪ್ರೋಗ್ರಾಮಿನ ಮೂಲಕ ನಡೆಯುತ್ತದೆ. ಒಮ್ಮೆ ಲಾಗ್‌ಔಟ್ ಆಗಿ ಬಂದ ಮೇಲೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸದಲ್ಲಿ ಬರೆಯಲು ಸಾಧ್ಯವಾಯಿತು.

ಹಂತ 6: ಸ್ನ್ಯಾಪನ್ನು ಬಿಡುವ ನಿರ್ಧಾರ

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ದೊಡ್ಡಪ್ಪ ಪಹಣಿ, ರಸೀದಿ, ಕೃಷಿ ಲೇಖನಗಳನ್ನೆಲ್ಲ ಪುಟವಾಗಿ ಸೇವ್ ಮಾಡಿ ಎರಡನೆಯ ಡಿಸ್ಕಿನಲ್ಲಿ ಇಡುವ ಅಭ್ಯಾಸದವರು. ಆ ಫೈಲುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ, ಮೇಲೆ ಹೇಳಿದ ಅದೇ ತಡೆಯಿಂದಾಗಿ, ಬ್ರೌಸರ್ ಅವನ್ನು ತೆರೆಯುತ್ತಿರಲಿಲ್ಲ. ಸ್ನ್ಯಾಪಿಗೆ ‘ರಿಮೂವಬಲ್-ಮೀಡಿಯಾ’ ಎಂಬ ಅನುಮತಿ ಕೊಡಬಹುದು, ಆದರೆ ಅದು ‘ಮೀಡಿಯಾ’ ಮತ್ತು ‘ಎಂಎನ್‌ಟಿ’ ಫೋಲ್ಡರುಗಳ ಕೆಳಗೆ ಮೌಂಟ್ ಆದ ಡಿಸ್ಕುಗಳಿಗೆ ಅನ್ವಯಿಸುತ್ತದೆ, ನಮ್ಮ ‘ಡೇಟಾ’ ಡಿಸ್ಕಿಗೆ ಅಲ್ಲ. ಮೌಂಟ್ ಆಗುವ ಜಾಗವನ್ನೇ ಬದಲಿಸಿದರೆ, ಆ ದಾರಿಯನ್ನು ನಂಬಿಕೊಂಡಿರುವ ಬ್ಯಾಕಪ್ ಸ್ಕ್ರಿಪ್ಟು, ಫೋಟೋ ಸಂಗ್ರಹ ಎಲ್ಲವನ್ನೂ ತಿದ್ದಬೇಕು.

ಸ್ನ್ಯಾಪಿನ ಈ ನಿರ್ಬಂಧ ದೋಷವೆಂದು ನಾನು ಹೇಳುವುದಿಲ್ಲ. ಬ್ರೌಸರಿಗೆ ಇಡೀ ಡಿಸ್ಕನ್ನು ಮುಟ್ಟಲು ಬಿಡದಿರುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ವ್ಯವಸ್ಥೆ, ಮತ್ತು ಹೊಸ ಯಂತ್ರವಾಗಿದ್ದರೆ ನಾನು ಅದನ್ನೇ ಉಳಿಸಿಕೊಳ್ಳುತ್ತಿದ್ದೆ. ಈ ಯಂತ್ರದ ಹಳೆಯ ಏರ್ಪಾಡಿಗೆ ಮತ್ತು ನಿಧಾನದ ಡಿಸ್ಕಿಗೆ ಡೆಬ್ ಪ್ಯಾಕೇಜು ಹೆಚ್ಚು ಹೊಂದುತ್ತದೆ ಎಂಬ ಕಾರಣಕ್ಕೆ ಬದಲಿಸಿದೆ. ಮೊಜಿಲ್ಲಾ 2024ರ ಜನವರಿಯಿಂದ, ಫೈರ್‌ಫಾಕ್ಸ್ 122ರ ಹೊತ್ತಿನಿಂದ, ತನ್ನದೇ ಆಪ್ಟ್ ಭಂಡಾರದಲ್ಲಿ (ಆಪ್ಟ್ ಎಂದರೆ ಡೆಬ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಪ್ರೋಗ್ರಾಮು) ಡೆಬ್ ಪ್ಯಾಕೇಜನ್ನು ಕೊಡುತ್ತಿದೆ.

ಹಂತ 7: ಡೆಬ್ ಪ್ಯಾಕೇಜು ಹಾಕಿದ್ದು

ಮೊಜಿಲ್ಲಾದ ಸಹಿಯ ಕೀಲಿಯನ್ನು ಇಳಿಸಿ, ಅದರ ಬೆರಳಚ್ಚನ್ನು (ಕೀಲಿಯನ್ನು ಗುರುತಿಸುವ ಅಕ್ಷರಗಳ ಸಾಲನ್ನು) ಮೊಜಿಲ್ಲಾ ಪ್ರಕಟಿಸಿರುವುದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಆಪ್ಟಿನ ಕೀರಿಂಗ್ ಫೋಲ್ಡರಿಗೆ ಹಾಕಿದೆ. ಭಂಡಾರದ ವಿಳಾಸವನ್ನು ಮೂಲಗಳ ಪಟ್ಟಿಗೆ ಸೇರಿಸಿದೆ. ಆಮೇಲೆ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದು ಕೊಟ್ಟರೆ, ಅದು ಆಗಲೇ ಹೊಸ ಆವೃತ್ತಿಯಲ್ಲಿದೆ ಎಂದು ಹೇಳಿ ಏನೂ ಮಾಡದೆ ಮುಗಿಸಿತು.

‘ಆಪ್ಟ್ ಪಾಲಿಸಿ ಫೈರ್‌ಫಾಕ್ಸ್’ ಕೊಟ್ಟಾಗ ಕಾರಣ ಕಣ್ಣಿಗೆ ಬಿತ್ತು. ಉಬುಂಟುವಿನ ಆ ಸ್ಕ್ರಿಪ್ಟು ಮಾತ್ರ ಇರುವ ಪ್ಯಾಕೇಜಿನ ಆವೃತ್ತಿ ‘1:1ಸ್ನ್ಯಾಪ್1’ ಎಂದು ಶುರುವಾಗುತ್ತದೆ. ಮೊಜಿಲ್ಲಾದ ಪ್ಯಾಕೇಜಿನ ಆವೃತ್ತಿ ನೂರಮೂವತ್ತರ ಮೇಲಿತ್ತು, ಆದರೆ ಅದರ ಹಿಂದೆ ಅಂಥ ಸಂಖ್ಯೆಯಿಲ್ಲ. ಡೆಬ್ ಆವೃತ್ತಿಗಳಲ್ಲಿ ಕೋಲನ್ನಿನ ಎಡಕ್ಕಿರುವ ಸಂಖ್ಯೆಗೆ ‘ಇಪಾಕ್’ ಎನ್ನುತ್ತಾರೆ. ಅದಿಲ್ಲದಿದ್ದರೆ 0 ಎಂದು ಲೆಕ್ಕ. ಹೋಲಿಕೆ ಮೊದಲು ನಡೆಯುವುದು ಇಪಾಕಿನಲ್ಲಿ. 1 ದೊಡ್ಡದು, 0 ಚಿಕ್ಕದು. ಬಲಕ್ಕೆ ಎಷ್ಟೇ ದೊಡ್ಡ ಸಂಖ್ಯೆ ಇದ್ದರೂ ಆಪ್ಟಿನ ಕಣ್ಣಿಗೆ ನಿಜವಾದ ಬ್ರೌಸರೇ ಹಳೆಯದು.

ಇದಕ್ಕೆ ಪರಿಹಾರ ಆದ್ಯತೆಯ ಫೈಲು. ಆಪ್ಟಿನ ‘ಪ್ರೆಫರೆನ್ಸಸ್.ಡಿ’ ಫೋಲ್ಡರಿನಲ್ಲಿ ‘ಮೊಜಿಲ್ಲಾ’ ಎಂಬ ಹೊಸ ಫೈಲು ಮಾಡಿ ಮೂರು ಸಾಲು ಬರೆದೆ: ಪ್ಯಾಕೇಜು ಯಾವುದೇ ಇರಲಿ ಎಂಬುದಕ್ಕೆ ನಕ್ಷತ್ರದ ಗುರುತು, ಮೂಲ ಮೊಜಿಲ್ಲಾದ ಭಂಡಾರ, ಆದ್ಯತೆ 1000. ಈ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಆದ್ಯತೆ 1000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಆಪ್ಟು ಡೌನ್‌ಗ್ರೇಡ್ ಆಗುವುದಿದ್ದರೂ ಆ ಪ್ಯಾಕೇಜನ್ನು ಆರಿಸುತ್ತದೆ. ನಾನು ಮೊದಲು 900 ಕೊಟ್ಟು ನೋಡಿದೆ, ಏನೂ ಬದಲಾಗಲಿಲ್ಲ. 1000 ಕೊಟ್ಟ ಮೇಲೆ ‘ಆಪ್ಟ್ ಪಾಲಿಸಿ’ ಮೊಜಿಲ್ಲಾದ ಪ್ಯಾಕೇಜನ್ನು ತೋರಿಸಿತು. ಹಾಕುವಾಗ ಡೌನ್‌ಗ್ರೇಡ್ ಆಗುತ್ತಿದೆ ಎಂಬ ಎಚ್ಚರಿಕೆ ಬರುತ್ತದೆ, ಗಾಬರಿಯಾಗದೆ ಒಪ್ಪಬೇಕು.

ಕನ್ನಡದ ಮೆನು ಬೇಕಿದ್ದುದರಿಂದ ಅದೇ ಭಂಡಾರದಲ್ಲಿರುವ, ‘ಎಲ್10ಎನ್-ಕೆಎನ್’ ಎಂದು ಕೊನೆಯಾಗುವ ಕನ್ನಡ ಭಾಷಾ ಪ್ಯಾಕೇಜನ್ನೂ ಹಾಕಿದೆ.

ಇದಕ್ಕೂ ಮೊದಲು, ಪದೇಪದೇ ಬದಲಾಗದ ಆವೃತ್ತಿ ದೊಡ್ಡಪ್ಪನಿಗೆ ಅನುಕೂಲವೆಂದು ಇಎಸ್‌ಆರ್ ಆವೃತ್ತಿಯನ್ನು ಹಾಕಿ ನೋಡಿದ್ದೆ. ಆ ಹೊತ್ತಿಗೆ ಅದು 128ರ ಸರಣಿಯಲ್ಲಿತ್ತು. ಹಳೆಯ ಪ್ರೊಫೈಲನ್ನು ಅದರಲ್ಲಿ ಆರಿಸಿದ ಕೂಡಲೆ, ನೀವು ಫೈರ್‌ಫಾಕ್ಸಿನ ಹಳೆಯ ಆವೃತ್ತಿಯನ್ನು ತೆರೆದಿದ್ದೀರಿ, ಇದರಿಂದ ಬುಕ್‌ಮಾರ್ಕು ಮತ್ತು ಇತಿಹಾಸ ಕೆಡಬಹುದು, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎಂಬ ಸಂದೇಶ ಬಂತು. ಪ್ರೊಫೈಲಿನೊಳಗಿನ ‘ಕಂಪ್ಯಾಟಿಬಿಲಿಟಿ.ಐಎನ್‌ಐ’ ಫೈಲಿನಲ್ಲಿ ಕೊನೆಯದಾಗಿ ಬಳಸಿದ ಆವೃತ್ತಿ ದಾಖಲಾಗಿರುತ್ತದೆ. 2019ರಲ್ಲಿ ಬಂದ ಆವೃತ್ತಿ 67ರಿಂದ ಈ ರಕ್ಷಣೆ ಇದೆ. ಇದನ್ನು ಬದಿಗೊತ್ತುವ ‘ಅಲೌ-ಡೌನ್‌ಗ್ರೇಡ್’ ಎಂಬ ಆಯ್ಕೆಯೂ ಉಂಟು. ಪಾಸ್‌ವರ್ಡುಗಳಿರುವ ಪ್ರೊಫೈಲಿನ ಮೇಲೆ ಆ ಪ್ರಯೋಗ ಬೇಡವೆಂದು ಇಎಸ್‌ಆರನ್ನು ತೆಗೆದುಹಾಕಿದೆ.

ಹಂತ 8: ಪ್ರೊಫೈಲನ್ನು ಹಿಂದಕ್ಕೆ ತಂದದ್ದು

ಸ್ನ್ಯಾಪ್ ಬಳಕೆಯಲ್ಲಿದ್ದಾಗ ದೊಡ್ಡಪ್ಪ ಹೊಸ ಬುಕ್‌ಮಾರ್ಕುಗಳನ್ನು ಸೇರಿಸಿದ್ದರು. ಆದ್ದರಿಂದ ಈಗ ತಾಜಾ ಪ್ರೊಫೈಲ್ ಇರುವುದು ಸ್ನ್ಯಾಪಿನ ಜಾಗದಲ್ಲಿ, ಹಳೆಯದು ‘ಡೇಟಾ’ ಡಿಸ್ಕಿನಲ್ಲಿ. ಸ್ನ್ಯಾಪನ್ನು ತೆಗೆಯುವ ಮೊದಲೇ ಅದನ್ನು ನಕಲು ಮಾಡಿಕೊಳ್ಳಬೇಕು, ಏಕೆಂದರೆ ‘ಸ್ನ್ಯಾಪ್ ರಿಮೂವ್’ ಕೊಟ್ಟಾಗ ಆ ಫೋಲ್ಡರೂ ಹೋಗುತ್ತದೆ. ಹೋಗುವಾಗ ಅದರ ಒಂದು ಸ್ನ್ಯಾಪ್‌ಶಾಟ್ ತಾನಾಗಿ ಉಳಿಯುತ್ತದೆ, ‘ಸ್ನ್ಯಾಪ್ ಸೇವ್ಡ್’ ಎಂದರೆ ಕಾಣುತ್ತದೆ, ಆದರೆ ಅದರ ಅವಧಿ 31 ದಿನ ಮಾತ್ರ. ‘ಪರ್ಜ್’ ಎಂಬ ಆಯ್ಕೆ ಸೇರಿಸಿ ತೆಗೆದರೆ ಅದೂ ಉಳಿಯುವುದಿಲ್ಲ.

ಬ್ರೌಸರನ್ನು ಮುಚ್ಚಿ, ಸ್ನ್ಯಾಪಿನ ಪ್ರೊಫೈಲ್ ಫೋಲ್ಡರನ್ನು ‘ಡೇಟಾ’ ಡಿಸ್ಕಿನ ಹಳೆಯ ಫೋಲ್ಡರಿನ ಜಾಗಕ್ಕೆ ಅದೇ ಹೆಸರಿನಲ್ಲಿ ಇಟ್ಟೆ. ಹಳೆಯದನ್ನು ಅಳಿಸದೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಟ್ಟೆ. ಸ್ನ್ಯಾಪಿನ ಆವೃತ್ತಿ ಮತ್ತು ಡೆಬ್ ಆವೃತ್ತಿ ಒಂದೇ ಆಗಿವೆಯೇ ಎಂದು ಮೊದಲೇ ನೋಡಿಕೊಂಡಿದ್ದೆ, ಇಲ್ಲವಾದರೆ ಇಎಸ್‌ಆರಿನ ಕತೆಯೇ ಮರುಕಳಿಸುತ್ತಿತ್ತು. ಮೊಜಿಲ್ಲಾದ ಡೆಬ್ ಪ್ಯಾಕೇಜು ಕೂರುವ ಜಾಗ 20.04ರಲ್ಲಿದ್ದ ಹಳೆಯ ಡೆಬ್ ಕೂತಿದ್ದ ಜಾಗವೇ. ಯಾವ ಜಾಗದಿಂದ ಓಡುವ ಫೈರ್‌ಫಾಕ್ಸಿಗೆ ಯಾವ ಪ್ರೊಫೈಲ್ ಎಂಬ ಗುರುತು ‘ಪ್ರೊಫೈಲ್ಸ್.ಐಎನ್‌ಐ’ಯಲ್ಲಿ ಇರುವುದರಿಂದ, ಬೇರೇನೂ ತಿದ್ದದೆ ಅದು ಸರಿಯಾದ ಪ್ರೊಫೈಲನ್ನೇ ಎತ್ತಿಕೊಂಡಿತು.

ಖಚಿತಪಡಿಸಿಕೊಳ್ಳಲು ‘ಅಬೌಟ್:ಸಪೋರ್ಟ್’ ಪುಟ ತೆರೆದೆ. ಪ್ರೋಗ್ರಾಮು ಯಾವ ಜಾಗದಿಂದ ಓಡುತ್ತಿದೆ, ಪ್ರೊಫೈಲ್ ಯಾವ ಫೋಲ್ಡರಿನದು ಎಂಬ ಎರಡೂ ಸಾಲುಗಳು ಅಲ್ಲಿರುತ್ತವೆ. ಎರಡು ರೂಪದ ಫೈರ್‌ಫಾಕ್ಸ್ ಒಂದೇ ಯಂತ್ರದಲ್ಲಿ ಇರುವಾಗ ಯಾವುದು ತೆರೆದಿದೆ ಎಂದು ಕಿಟಕಿ ನೋಡಿ ಹೇಳಲಾಗದು. ಆ ಪುಟ ನೋಡಿದ ಮೇಲೆಯೇ ಸ್ನ್ಯಾಪನ್ನು ತೆಗೆದೆ.

ಒಂದು ಸಣ್ಣ ಕೆಲಸ ಉಳಿದಿತ್ತು. ಮೇಲ್ ಪ್ರೋಗ್ರಾಮಿನಲ್ಲಿ ಕೊಂಡಿ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ, ಏಕೆಂದರೆ ಡೀಫಾಲ್ಟ್ ಬ್ರೌಸರ್ ಎಂದು ದಾಖಲಾಗಿದ್ದುದು ತೆಗೆದುಹಾಕಿದ ಸ್ನ್ಯಾಪು. ಸೆಟ್ಟಿಂಗ್ಸಿನ ಡೀಫಾಲ್ಟ್ ಅಪ್ಲಿಕೇಶನ್ ಪುಟದಲ್ಲಿ ಫೈರ್‌ಫಾಕ್ಸನ್ನು ಹೊಸದಾಗಿ ಆರಿಸಿದೆ.

ಈಗಿನ ಸ್ಥಿತಿ

ಯಂತ್ರ ಶುರುವಾದ ಮೇಲೆ ಮೊದಲ ಸಲ ಫೈರ್‌ಫಾಕ್ಸ್ ತೆರೆಯಲು ಸುಮಾರು 12 ಸೆಕೆಂಡು ಬೇಕು. ‘ಡೇಟಾ’ ಡಿಸ್ಕಿನ ಸೇವ್ ಮಾಡಿದ ಪುಟಗಳು ತೆರೆಯುತ್ತವೆ. ಸ್ನ್ಯಾಪು ಮತ್ತು ಬೇರೆ ಯಾವುದಕ್ಕೂ ಬೇಡವಾದ ಗ್ನೋಮ್ ಪ್ಯಾಕೇಜನ್ನು ತೆಗೆದದ್ದರಿಂದ 30 ಜಿಬಿಯ ಜಾಗದಲ್ಲಿ ಸ್ವಲ್ಪ ಉಸಿರಾಡುವಷ್ಟು ಖಾಲಿ ಉಳಿದಿದೆ. ಪೆನ್‌ಡ್ರೈವ್ ಮೊದಲೇ ಇತ್ತು. ಹೊಸದಾಗಿ ಆದ ಖರ್ಚೆಂದರೆ ಡೆಬ್ ಪ್ಯಾಕೇಜನ್ನು ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಲು ಹಾಕಿಸಿದ ಡೇಟಾ ಪ್ಯಾಕಿನದು ಮಾತ್ರ.

22.04ರ ಸಾಮಾನ್ಯ ಬೆಂಬಲ 2027ರವರೆಗೆ ಇದೆ. ಮುಂದೆ 24.04ಕ್ಕೆ ಅಪ್‌ಗ್ರೇಡ್ ಮಾಡುವಾಗ, ಅಪ್‌ಗ್ರೇಡ್ ಪ್ರೋಗ್ರಾಮು ಹೊರಗಿನ ಭಂಡಾರಗಳನ್ನೆಲ್ಲ ತಾನಾಗಿ ನಿಷ್ಕ್ರಿಯಗೊಳಿಸುತ್ತದೆ. ಮೊಜಿಲ್ಲಾದ ಭಂಡಾರ ಮುಚ್ಚಿದ ಮೇಲೆ ಆದ್ಯತೆಯ ಫೈಲಿದ್ದೂ ಪ್ರಯೋಜನವಿಲ್ಲ. ಇಪಾಕ್ 1 ಇರುವ ಪ್ಯಾಕೇಜು ಮತ್ತೆ ಒಳಗೆ ಬರುತ್ತದೆ, ಫೈರ್‌ಫಾಕ್ಸ್ ಮತ್ತೆ ಸ್ನ್ಯಾಪನ್ನು ಹುಡುಕುತ್ತದೆ. ಆಗ ಮಾಡಬೇಕಾದ್ದು ಇಷ್ಟು: ಮೊದಲು ಪ್ರೊಫೈಲಿನ ಟಾರ್, ಅಪ್‌ಗ್ರೇಡ್ ಮುಗಿದ ಮೇಲೆ ಮೂಲಗಳ ಪಟ್ಟಿಯಲ್ಲಿ ಮೊಜಿಲ್ಲಾದ ಭಂಡಾರವನ್ನು ಮತ್ತೆ ಸಕ್ರಿಯಗೊಳಿಸುವುದು, ‘ಆಪ್ಟ್ ಪಾಲಿಸಿ’ ನೋಡಿ ಡೆಬ್ ಹಾಕುವುದು, ಅದೆಲ್ಲ ಆಗುವವರೆಗೆ ಯಾವ ಐಕಾನನ್ನೂ ಒತ್ತದಿರುವುದು. ಈ ನಾಲ್ಕು ಸಾಲನ್ನು ಒಂದು ಹಾಳೆಯಲ್ಲಿ ಬರೆದು ಸಿಪಿಯು ಡಬ್ಬದ ಪಕ್ಕಕ್ಕೆ ಅಂಟಿಸಿದ್ದೇನೆ.